ಎರಡು ಬೂದು ಪಿಕಪ್ಪುಗಳು ಮಲಗಿದ್ದ ಜಾಗ

ಎರಡರ ಬಣ್ಣವೂ ಬೂದು. ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪುವುದು ಇದೊಂದನ್ನೇ.

ಮಂಡ್ಯದ ಒಂದು ಗ್ಯಾರೇಜಿನ ಅಂಗಳ. ಬೇವಿನ ಮರ. ಅದರ ಕೆಳಗೆ ಅಕ್ಕಪಕ್ಕ ನಿಂತ ಎರಡು ಪಿಕಪ್ಪು ಗಾಡಿಗಳು. ಬೇವು ಎಂದು ಬರೆದೆನಲ್ಲ, ನನ್ನ ಗಂಡನನ್ನು ಕೇಳಿದರೆ ಹೊಂಗೆ ಅನ್ನುತ್ತಾರೆ. ನೆರಳಿತ್ತು ಎಂದಿಟ್ಟುಕೊಳ್ಳಿ. ಗಾಡಿಗಳಿಗೆ ಮುಂದೆ ಜೀಪಿನ ಮೂತಿ, ಹಿಂದೆ ತೆರೆದ ತೊಟ್ಟಿ. ಲಾರಿಗಿಂತ ಚಿಕ್ಕದು, ಜೀಪಿಗಿಂತ ದೊಡ್ಡದು. ಎರಡೂ ಒಂದೇ ಕಂಪನಿಯವು, ಒಂದೇ ಸರ್ಕಾರಿ ಕಚೇರಿಗೆ ಒಂದೇ ದಿನ ಸೇರಿದ್ದವು. ಪೆಟ್ರೋಲಿನ ಬೆಲೆ ಏರಿದ ಮೇಲೆ ಕಚೇರಿಯವರು ಎರಡನ್ನೂ ಒಟ್ಟಿಗೆ ಹರಾಜು ಹಾಕಿದರು. ಗ್ಯಾರೇಜಿನ ಯಜಮಾನರು, ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು, ಎರಡನ್ನೂ ಹಿಡಿದು ತಂದು, ಎರಡಕ್ಕೂ ಒಂದೇ ಜಾತಿಯ ಡೀಸೆಲ್ ಎಂಜಿನ್ನು ಕೂರಿಸಿ, ಒಂದೇ ಡಬ್ಬದಿಂದ ಬಣ್ಣ ಬಳಿದಿದ್ದರು. ನಂಬರುಗಳು ಕೂಡ ಅಕ್ಕಪಕ್ಕದವು. ಒಂದು ನಾಲ್ಕರಲ್ಲಿ ಮುಗಿಯುತ್ತಿತ್ತು, ಇನ್ನೊಂದು ಐದರಲ್ಲಿ. ನಾಲ್ಕರ ಗಾಡಿ, ಐದರ ಗಾಡಿ ಎಂದೇ ನಾವು ಆಗ ಕರೆದೆವು, ಈಗಲೂ ಕರೆಯುತ್ತೇವೆ.

ಇವುಗಳಲ್ಲಿ ಒಂದನ್ನು ಆರಿಸಬೇಕಿತ್ತು. ಎಪ್ಪತ್ತರ ದಶಕದ ನಡುವಿನ ಒಂದು ವರ್ಷ. ಯಾವುದೆಂದು ನೋಡಿ ಬರೆಯಬಹುದು, ಆರ್.ಸಿ. ಪುಸ್ತಕ ಇನ್ನೂ ಪೆಟ್ಟಿಗೆಯಲ್ಲಿದೆ. ಆದರೆ ಇಸವಿ ಬರೆದ ಕೂಡಲೇ ಉಳಿದದ್ದೆಲ್ಲವೂ ನಿಜ ಎಂಬ ಧಾಟಿ ಬಂದುಬಿಡುತ್ತದೆ. ಬೇಡ.

ನನ್ನ ಗಂಡ ಆಗ ಖಾಸಗಿ ಬಸ್ಸಿನ ಡ್ರೈವರು. ನಾನು ಮಳವಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಮದುವೆಯಾಗಿ ಮೂರು ವರ್ಷವಾಗಿತ್ತು. ಮೂರು ವರ್ಷವೆಂಬುದು ಕ್ಯಾಲೆಂಡರಿನ ಮಾತು. ಅವರು ಶನಿವಾರ ಸಂಜೆ ಬಂದು ಭಾನುವಾರ ಸಂಜೆ ಹೊರಡುತ್ತಿದ್ದರು. ಉಳಿದ ದಿನ ಬಸ್ಸು ಎಲ್ಲಿ ನಿಂತಿತೋ ಅಲ್ಲೇ, ಹಿಂದಿನ ಉದ್ದ ಸೀಟಿನ ಮೇಲೆ ಅವರ ನಿದ್ದೆ. ಆ ವರ್ಷ ಬಸ್ಸಿನ ಮಾಲೀಕರು ಅವರನ್ನು ಮಂಗಳೂರಿನ ರಾತ್ರಿ ಬಸ್ಸಿಗೆ ಹಾಕುವುದಾಗಿ ಹೇಳಿದರು. ಸಂಬಳ ಹೆಚ್ಚು. ಮನೆಗೆ ಬರುವುದು ತಿಂಗಳಿಗೊಮ್ಮೆ, ಅದೂ ಬದಲಿ ಡ್ರೈವರು ಸಿಕ್ಕರೆ. ಒಪ್ಪಿದರೆ ಎರಡು ವಾರ ಕಳೆದು ಸೋಮವಾರ ಮೈಸೂರಿನಲ್ಲಿ ಬಸ್ಸು ಹತ್ತಬೇಕು, ಇಲ್ಲವಾದರೆ ಕೆಲಸ ಬಿಡಬೇಕು. ಅವರಿಗೆ ಬಿಡುವ ಆಸೆ. ಬಿಟ್ಟರೆ ಸ್ವಂತ ಗಾಡಿ ಬೇಕು. ಒಳ್ಳೆಯದು ಸಿಕ್ಕಿದರೆ ದಿನವೂ ಮನೆಯಲ್ಲಿ ಊಟ. ಕೆಟ್ಟದ್ದು ಸಿಕ್ಕಿದರೆ ಕೆಲಸವೂ ಇಲ್ಲ, ಗಾಡಿಯೂ ಇಲ್ಲ, ಮತ್ತೆ ಇನ್ನಾರದೋ ಬಸ್ಸಿನ ಹಿಂದಿನ ಸೀಟು.

ಬಾಡಿಗೆಗೆ ಬರವಿರಲಿಲ್ಲ. ಅತ್ತೆಯ ಊರು ಬಂಡೂರಿನ ಪಕ್ಕ. ಅತ್ತೆ ಟಗರು ಕಟ್ಟಿ, ಕೊಬ್ಬಿಸಿ ಮಾರುತ್ತಿದ್ದರು. ಆ ಬೀದಿಯಲ್ಲಿ ಎಲ್ಲರೂ ಅದನ್ನೇ ಮಾಡುತ್ತಿದ್ದರು. ಆ ಗಿಡ್ಡಕಾಲಿನ ಕುರಿಗಳನ್ನು ಬಸ್ಸಿನ ತಲೆಯ ಮೇಲೆ ಕಟ್ಟಿ ಮದ್ದೂರಿಗೋ ಮಂಡ್ಯಕ್ಕೋ ಕಳಿಸುವುದು ವಾಡಿಕೆ. ಇಳಿಸುವ ಹೊತ್ತಿಗೆ ಅವು ಬೆದರಿ ಅರ್ಧವಾಗಿರುತ್ತಿದ್ದವು. "ನಿಮ್ಮಗ ಒಂದ್ ಗಾಡಿ ಮಡಗಿದ್ರೆ ನಾವೆಲ್ಲ ಅದ್ರಲ್ಲೇ ಕಳಿಸ್ತೀವಿ ಬುಡಿ" ಎಂದು ಊರವರು ಅತ್ತೆಗೆ ಮಾತು ಕೊಟ್ಟಿದ್ದರು. ಹಣ ಹೇಗೆ ಹೊಂದಿತು ಎಂಬುದು ಬೇರೆ ಸಂಗತಿ. ಹೊಂದಿತು.

ಮೊದಲ ಭಾನುವಾರ ನಾನೂ ನನ್ನ ಗಂಡನೂ ಹೋದೆವು. ನನ್ನನ್ನು ಕರೆದೊಯ್ದದ್ದು ಕಾಗದ ಓದಲು. ಕಚೇರಿಯಲ್ಲಿದ್ದಾಗ ಗಾಡಿ ದಿನವೂ ಎಲ್ಲಿಗೆ ಹೋಯಿತೆಂದು ಬರೆದಿಟ್ಟ ಲಾಗ್ ಬುಕ್ಕುಗಳೂ ಗಾಡಿಯ ಜೊತೆಗೇ ಬಂದಿದ್ದವು. ಸಾಹೇಬರ ಸ್ಟೂಲಿನ ಮೇಲೆ ಕುಳಿತು ಓದಿದೆ. ನಾಲ್ಕರ ಗಾಡಿ ಶಿವನಸಮುದ್ರಕ್ಕೆ ಹೋದ ದಿನ ಐದರದ್ದು ಕೊತ್ತತ್ತಿಗೆ. ಐದರದ್ದು ಶಿವನಸಮುದ್ರಕ್ಕೆ ಹೋದ ದಿನ ನಾಲ್ಕರದ್ದು ಕೊತ್ತತ್ತಿಗೆ. ವರ್ಷಗಟ್ಟಲೆ ಹೀಗೆಯೇ. ಕೊನೆಗೆ ಎರಡೂ ಪುಸ್ತಕದ ಅಕ್ಷರ ಒಬ್ಬರದೇ ಎಂದು ಗೊತ್ತಾಯಿತು. ಯಾರೋ ಗುಮಾಸ್ತ ಕುಳಿತಲ್ಲೇ ಎರಡು ಗಾಡಿಯನ್ನೂ ಓಡಿಸಿದ್ದಿರಬೇಕು.

ನನ್ನ ಗಂಡ ಎರಡನ್ನೂ ಓಡಿಸಿ ನೋಡಿದರು. ರೈಲ್ವೆ ಗೇಟಿನ ತನಕ ನಾಲ್ಕರದ್ದು. ರೈಲ್ವೆ ಗೇಟಿನ ತನಕ ಐದರದ್ದು. ಮತ್ತೆ ನಾಲ್ಕರದ್ದು. ಬಾನೆಟ್ಟು ಎತ್ತಿ ಕಿವಿ ಕೊಟ್ಟರು, ಟಯರು ಒದ್ದರು, ಅಂಗಾತ ಮಲಗಿ ತಳಕ್ಕೆ ಬೆರಳು ಹಾಕಿ ಮೂಸಿದರು.

"ಸಾಹೇಬ್ರೇ, ಐದರದ್ದು ಎಂಜಿನ್ ತಳದಲ್ಲಿ ಎಣ್ಣೆ ಜಿನುಗ್ತದೆ."

"ನಾಲ್ಕರದ್ದೂ ಜಿನುಗ್ತದೆ ಡ್ರೈವರಣ್ಣ," ಅಂದರು ಸಾಹೇಬರು. "ಮುಚ್ಚಿಟ್ಟು ಮಾರೋ ಪೈಕಿ ಅಲ್ಲ ನಾನು. ಎರಡಕ್ಕೂ ಹೊಸ ಪ್ಯಾಕಿಂಗ್ ಹಾಕ್ಕೊಡ್ತೀನಿ. ಎರಡೂ ಒಂದೇ ತಾಯಿ ಮಕ್ಳು. ಕಣ್ ಮುಚ್ಕೊಂಡು ಒಂದರ ಮೇಲೆ ಕೈ ಇಟ್ಬಿಡಿ."

ಎದುರಿನ ಟೀ ಅಂಗಡಿಯಿಂದ ಸಲಹೆಗಳು ಬಂದವು. ನಂಬರಿನ ಅಂಕಿಗಳನ್ನು ಕೂಡಿದರೆ ಒಂದರದ್ದು ಎಂಟು ಬರುತ್ತದೆ, ಅದು ಶನಿ, ಬೇಡವೇ ಬೇಡ ಎಂದರು ಒಬ್ಬರು. ಶನಿ ತಾನೇ ಕಬ್ಬಿಣಕ್ಕೆ ಯಜಮಾನ, ಗಾಡಿಗೆ ಅದಕ್ಕಿಂತ ಬೇಕೇ ಎಂದರು ಪಕ್ಕದವರು. ಅವರಿಬ್ಬರೇ ಜಗಳಕ್ಕೆ ನಿಂತರು. ನಾವು ಬಸ್ಸು ಹತ್ತಿದೆವು.

ಮದ್ದೂರಿನಲ್ಲಿ ಬಸ್ಸು ಬದಲಿಸುವಾಗ ನನ್ನ ಗಂಡ ನನ್ನ ಪಾಠದ ಟಿಪ್ಪಣಿ ಪುಸ್ತಕ ಕೇಳಿದರು. ಹಿಂದಿನ ಹಾಳೆಯಲ್ಲಿ ನಡುವೆ ಗೆರೆ ಎಳೆದು, ಆಚೆ ನಾಲ್ಕು ಈಚೆ ಐದು ಎಂದು ಬರೆದರು. ನಾಲ್ಕರ ಕ್ಲಚ್ಚು ಮೆತ್ತಗೆ. ಐದರ ಗೇರು ಬೆಣ್ಣೆ. ನಾಲ್ಕರ ಹಾರನ್ನು ಜೋರು. ಐದರ ಸೀಟು ಹರಿದಿಲ್ಲ. ನಾಲ್ಕರ ಬಾಗಿಲಿನ ಗಾಜು ಮೇಲೆ ಬರುವುದಿಲ್ಲ. ಐದರ ಬಾಗಿಲು ಒಮ್ಮೆಗೇ ಮುಚ್ಚುವುದಿಲ್ಲ. ಆ ಹಾಳೆ ನೆನಪಿದೆ ಎನ್ನುತ್ತಿದ್ದೇನೆ, ಆದರೆ ಈಗ ನೆನಪಿರುವುದು ನಾನೇ ಎಷ್ಟೋ ಸಲ ಬೇರೆಯವರಿಗೆ ಹೇಳಿ ಹೇಳಿ ಉಜ್ಜಿಹೋದ ಪಟ್ಟಿ. ಹಾರನ್ನು ಐದರದ್ದೇ ಜೋರಾಗಿದ್ದಿರಬಹುದು. ಎರಡೂ ಕಡೆಗೆ ಸರಿಸಮ ಸಾಲುಗಳಿದ್ದವು, ಅದು ಮಾತ್ರ ನಿಜ. ಯಾಕೆಂದರೆ ನಾನು, ಪರೀಕ್ಷೆ ಪೇಪರು ತಿದ್ದುವ ಅಭ್ಯಾಸದವಳು, ಎರಡಕ್ಕೂ ಐವತ್ತಕ್ಕೆ ಮೂವತ್ತೈದು ಎಂದು ಬರೆದು ಸುತ್ತು ಹಾಕಿದೆ. ಅವರಿಗೆ ಸಿಟ್ಟು ಬಂತು.

"ನಗೋ ವಿಷ್ಯನಾ ಇದು?"

"ಅಲ್ಲ."

"ಮತ್ತೆ ಪಾಸ್ ಮಾಡ್ದಂಗೆ ಬರ್ದಿದೀಯ."

ಎರಡು ಬೇರೆ ಬೇರೆ ವಸ್ತುಗಳಲ್ಲಿ ಒಂದನ್ನು ಆರಿಸುವವರಿಗೆ ಕಾರಣ ಸಿಗುತ್ತದೆ. ನಮಗೆ ಸಿಕ್ಕಿದ್ದು ದಿಗಿಲು. ಅವರು ಆ ಸಂಜೆ ಕೆಲಸಕ್ಕೆ ಹೊರಡುವಾಗ, "ಮಂಗ್ಳೂರ್ ಬಸ್ಸೇ ವಾಸಿ ಕಣೆ, ಅದನ್ನ ಆರಿಸು ಅಂತ ಯಾರೂ ನನ್ನ ಕೇಳಲ್ಲ" ಎಂದರು. ತಮಾಷೆಗೆ ಹೇಳಿದರೆಂದು ಆಗ ಅಂದುಕೊಂಡೆ.

ವಾರದ ನಡುವೆ ಅತ್ತೆ ಮಳವಳ್ಳಿಗೆ ಬಂದರು. ಮಡಿಲಲ್ಲಿ ಹಸಿ ಅವರೆಕಾಯಿ, ಬಾಯಲ್ಲಿ ಎಲೆ ಅಡಿಕೆ. ನಾನು ನಡೆದದ್ದನ್ನೆಲ್ಲ ಹೇಳಿದೆ. ಅತ್ತೆ ಅವರೆ ಸುಲಿಯುತ್ತ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

"ಅವು ಮನಗಿದ್ದ ಜಾಗ ನೋಡಿದ್ರಾ?"

ಇದು ಅತ್ತೆಯ ಪದ್ಧತಿ. ಅವರು ಎಂದೂ ಸಂತೆಯಲ್ಲಿ ಟಗರು ಕೊಂಡವರಲ್ಲ. ಸಂತೆಗೆ ತರುವ ಮೊದಲು ಕುರಿಗೆ ಉಪ್ಪು ತಿನ್ನಿಸಿ, ನೀರು ಕುಡಿಸಿ, ಹೊಟ್ಟೆ ತುಂಬಿಸಿ, ಮೈ ತೊಳೆದು ತರುತ್ತಾರೆ; ಅಲ್ಲಿ ಎಲ್ಲ ಕುರಿಯೂ ಚೆಂದ. ಅತ್ತೆ ಬೆಳಕು ಹರಿಯುವ ಹೊತ್ತಿಗೆ, ಹೇಳದೆ ಕೇಳದೆ, ಮಾರುವವರ ಕೊಟ್ಟಿಗೆಗೆ ಹೋಗಿ ನಿಲ್ಲುತ್ತಿದ್ದರು. ಮಲಗಿದ ಟಗರನ್ನು ಎಬ್ಬಿಸಿ ಆಚೆ ಸರಿಸಿ, ಅದು ರಾತ್ರಿಯೆಲ್ಲ ಮಲಗಿದ್ದ ನೆಲ ನೋಡುತ್ತಿದ್ದರು. ಹಿಕ್ಕೆ ಎಷ್ಟು, ಗಟ್ಟಿಯೋ ತೆಳುವೋ, ನೆಲ ಎಷ್ಟು ಒದ್ದೆ, ವಾಸನೆ ಹೇಗೆ. ಟಗರಿನ ಮುಖವನ್ನು ಆಮೇಲೆ ನೋಡುವುದು.

"ಗಾಡಿ ಎಲ್ಲಿ ಮಲಗುತ್ತೆ ಅತ್ತೆ?"

"ರಾತ್ರಿಯೆಲ್ಲ ಒಂದ್ ಕಡೆ ನಿಂತಿರ್ತದೋ ಇಲ್ವೋ? ಅದೇ ಮನಗೋದು. ಅದ್ರ ಕೆಳ್ಗೆ ಏನದೆ ಅಂತ ಬೆಳಿಗ್ಗೆ ಎದ್ದೇಟ್ಗೆ ನೋಡ್ಬೇಕು. ನೀವು ಮಟಮಟ ಮದ್ಯಾನ್ದಲ್ಲಿ ಓಗಿ ಮೊಕ ನೋಡ್ಕಂಡ್ ಬಂದಿದೀರ. ಓದಿರೋಳು ಕಣವ್ವ ನೀನು!"

ಶನಿವಾರ ಬಂದ ನನ್ನ ಗಂಡ ಇದನ್ನು ಕೇಳಿ ತಟ್ಟೆ ಮುಂದೆ ಕುಳಿತೇ ತಲೆ ಚಚ್ಚಿಕೊಂಡರು. "ಅವ್ವ, ಅದು ಕಬ್ಬಿಣ ಕಣವ್ವ. ಉಚ್ಚೆ ಉಯ್ಯಲ್ಲ."

"ಅದೂ ನೋಡುವ ನಡಿಲಾ."

ಭಾನುವಾರ ನಾವು ಮೂವರೂ ಮೊದಲ ಬಸ್ಸು ಹಿಡಿದೆವು. ಗ್ಯಾರೇಜು ಮುಟ್ಟಿದಾಗ ಆಗಷ್ಟೇ ಬೆಳಕು ಬಂದಿತ್ತು. ಮನೆ ಗ್ಯಾರೇಜಿನ ಹಿಂದೆಯೇ. ಸಾಹೇಬರು ಲುಂಗಿಯಲ್ಲಿ, ಬಾಯಲ್ಲಿ ಹಲ್ಲುಪುಡಿಯ ನೊರೆ ಇಟ್ಟುಕೊಂಡೇ ಗೇಟು ತೆಗೆದರು. ನೊರೆಯಿಂದಾಗಿ ಮಾತಾಡಲಾಗದೆ ಕೈಯಲ್ಲೇ ಒಳಗೆ ಕರೆದು ಬಚ್ಚಲ ಕಡೆಗೆ ಹೋದರು.

ನನ್ನ ಗಂಡ ಸೀದಾ ಐದರ ಗಾಡಿಗೆ ಹತ್ತಿದರು. ಅವರಿಗೂ ಒಂದು ಪದ್ಧತಿ ಇತ್ತು. ರಾತ್ರಿಯೆಲ್ಲ ತಣ್ಣಗೆ ನಿಂತ ಎಂಜಿನ್ನನ್ನು ಬೆಳಿಗ್ಗೆ ಶುರು ಮಾಡಿ, ಎರಡು ನಿಮಿಷ ಜೋರಾಗಿ ರೇಸು ಮಾಡಿ, ಸದ್ದು ಕೇಳಬೇಕು. ಡ್ರೈವರುಗಳು ನಂಬುವುದು ಅದನ್ನೇ. ಐದರ ಗೇರು ಅವರ ಮನಸ್ಸಿಗೆ ಹತ್ತಿತ್ತು, ಹಾಗಾಗಿ ಮೊದಲು ಅದು. ಬೀಗದ ಕೈ ಗಾಡಿಯಲ್ಲೇ ನೇತಾಡುತ್ತಿತ್ತು.

"ಇಳಿಲಾ ಕೆಳ್ಗೆ," ಅಂದರು ಅತ್ತೆ.

"ಇರವ್ವ, ಸೌಂಡ್ ಕೇಳ್ತೀನಿ."

"ಅದುನ್ನ ಎಬ್ಬಿಸ್ಬೇಡ ಅಂದೆ! ನೆಲ ಕೆಡ್ತದೆ. ಮೊದ್ಲು ತಳ್ರಿ."

ಮುಂದಿನ ಅರ್ಧ ನಿಮಿಷದ ಬಗ್ಗೆ ನಾಲ್ಕು ಕಥೆಗಳಿವೆ. ಅತ್ತೆ ಬದುಕಿದ್ದ ತನಕ ಹೇಳಿದ್ದು, ತಾನು ಮಗನ ಶರಟಿನ ಕೊರಳುಪಟ್ಟಿ ಹಿಡಿದು ಎಳೆದೆ ಎಂದು. ಸಾಹೇಬರು ಹೇಳುತ್ತಿದ್ದದ್ದು, ತಾನು ಬಚ್ಚಲಿನಿಂದಲೇ ನೊರೆ ಉಗಿದು ಕೂಗಿದೆ ಎಂದು. ನನ್ನ ಗಂಡ ಈಗಲೂ ಹೇಳುವುದು, ಅವ್ವನ ಮಾತಿಗಲ್ಲ, ಏನೋ ಸರಿಯಿಲ್ಲ ಅನ್ನಿಸಿ ತಾನೇ ಕೈ ತಡೆದೆ ಎಂದು. ನನಗೆ ನೆನಪಿರುವುದು ಬೀಗದ ಕೈ ನನ್ನ ಮುಷ್ಟಿಯಲ್ಲಿ ತಣ್ಣಗಿದ್ದದ್ದು. ನಾನು ಅದನ್ನು ಯಾವಾಗ ಕಿತ್ತುಕೊಂಡೆ, ಯಾಕೆ ಕಿತ್ತುಕೊಂಡೆ, ಗೊತ್ತಿಲ್ಲ. ಪ್ರತಿಯೊಬ್ಬರ ಕಥೆಯಲ್ಲೂ ಗಾಡಿಯನ್ನು ಉಳಿಸಿದ್ದು ಅವರೇ. ನಾಲ್ಕರಲ್ಲಿ ಯಾವುದನ್ನು ಆರಿಸಲಿ? ಅವರವರು ಹೇಳಿದ್ದನ್ನೇ ಬರೆದಿದ್ದೇನೆ. ಎಂಜಿನ್ನು ಶುರುವಾಗಲಿಲ್ಲ, ಅದರಲ್ಲಿ ಯಾರಿಗೂ ತಕರಾರಿಲ್ಲ.

ಗಂಡ ಇಳಿದರು. ಬೈದುಕೊಂಡೇ ಇಳಿದರು. ನಾನೂ ಅವರೂ ಹಿಂದಿನಿಂದ ಭುಜ ಕೊಟ್ಟು ಮೊದಲು ನಾಲ್ಕರ ಗಾಡಿಯನ್ನು ಮೂರು ಮಾರು ಮುಂದೆ ತಳ್ಳಿದೆವು, ಆಮೇಲೆ ಐದರದ್ದನ್ನು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಕ್ಕರಗಾಲಲ್ಲಿ ಕುಳಿತರು.

ನಾಲ್ಕರ ಗಾಡಿ ನಿಂತಿದ್ದ ಕಡೆ ಊಟದ ತಟ್ಟೆಯಷ್ಟಗಲ ಕಪ್ಪು ಒದ್ದೆ. ಅತ್ತೆ ಮಣ್ಣು ಚಿವುಟಿ ಎರಡು ಬೆರಳಲ್ಲಿ ತಿಕ್ಕಿ ಮೂಸಿದರು. ತಲೆಯಾಡಿಸಿದರು. ಐದರ ಗಾಡಿ ನಿಂತಿದ್ದ ಕಡೆ ಏನೂ ಇಲ್ಲ. ಒಣ ಮಣ್ಣು, ನಾಲ್ಕು ಎಲೆ, ಕೋಳಿ ಕೆದಕಿದ ಗುರುತು.

"ನೋಡಿದ್ಯಾ ಅವ್ವ?" ಅಂದರು ನನ್ನ ಗಂಡ, ಗೆದ್ದ ದನಿಯಲ್ಲಿ. "ಐದರದ್ದು ಒಂದ್ ತೊಟ್ಟೂ ಸೋರಿಲ್ಲ. ನಾನು ಮೊದ್ಲೇ ಅಂದೆ, ಇದೇ ಮೇಲು ಅಂತ. ನಿನ್ ಪರೀಕ್ಷೆನೇ ಹೇಳ್ತು."

ಅತ್ತೆ ಮಗನನ್ನು ಕನಿಕರದಿಂದ ನೋಡಿದರು.

"ಥೂ ನಿನ್ನ. ಏನೂ ಉಯ್ದಿಲ್ಲ ಅಂದ್ರೆ ಏನ್ಲಾ ಅರ್ಥ? ಒಟ್ಟೇಲಿ ಏನೂ ಇಲ್ಲ ಅಂತ. ಮೇವು ಬುಟ್ಟದೆ ಕಣ್ಲಾ ಇದು. ಸೀಕು. ಅದೋ, ಅದು ನೋಡು, ತಿಂದದೆ, ಉಯ್ದದೆ, ಗಟ್ಟಿಮುಟ್ಟಾಗದೆ."

"ಅವ್ವ! ಎಣ್ಣೆ ಸೋರೋದೇ ರೋಗ!"

"ಉಯ್ದೇ ಇರೋದು ರೋಗ!"

ಅಷ್ಟರಲ್ಲಿ ಸಾಹೇಬರು ಮುಖ ಒರೆಸಿಕೊಂಡು ಬಂದರು. ನಡೆಯುತ್ತಿದ್ದ ವಾದ ತಿಳಿಯುತ್ತಲೇ ನಗಲು ಶುರು ಮಾಡಿದರು. ನಕ್ಕು ನಕ್ಕು ಹಳೆಯ ಟಯರಿನ ಮೇಲೆ ಕುಳಿತುಬಿಟ್ಟರು. ಆಮೇಲೆ, ಒಮ್ಮೆಗೇ, ನಗು ನಿಂತಿತು.

"ಡ್ರೈವರಣ್ಣ, ಐದರದ್ದು ಸ್ಟಾರ್ಟ್ ಮಾಡಿದ್ರಾ?"

"ಎಲ್ಲಿ ಬುಟ್ಟಳು ಈಯಮ್ಮ?"

ಸಾಹೇಬರು ಎದ್ದು ಹೋಗಿ ಐದರ ಬಾನೆಟ್ಟು ಎತ್ತಿ, ಎಣ್ಣೆ ನೋಡುವ ಕಡ್ಡಿ ಎಳೆದು ತಂದು ನಮ್ಮ ಮುಂದೆ ಹಿಡಿದರು. ಒರೆಸಿಟ್ಟಂತೆ ಒಣಗಿತ್ತು. ಗುರುವಾರ ಅವರೇ ಎಣ್ಣೆಯನ್ನೆಲ್ಲ ಇಳಿಸಿದ್ದರು. ಮೊದಲ ಭಾನುವಾರ ನನ್ನ ಗಂಡ ಜಿನುಗುತ್ತದೆ ಎಂದಿದ್ದರಲ್ಲ, ಅದಕ್ಕೇ ಹಿಂದಿನ ಶೆಡ್ಡಿಗೆ ತಳ್ಳಿ, ತಳ ಬಿಚ್ಚಿ, ಹೊಸ ಪ್ಯಾಕಿಂಗ್ ಮೈಸೂರಿನಿಂದ ಬರಲೆಂದು ನಾಲ್ಕು ಬೋಲ್ಟು ಹಾಕಿ ಮುಚ್ಚಿದ್ದರು. ಶುಕ್ರವಾರ ರಜ. ಶನಿವಾರ ಶೆಡ್ಡಿಗೆ ಬೇರೆ ಗಾಡಿ ಬಂತು, ಇದನ್ನು ತಿರುಗಿ ಮರದ ಕೆಳಗೆ ತಳ್ಳಿ ನಿಲ್ಲಿಸಿದರು. ನಾವು ಅಷ್ಟು ಹೊತ್ತಿಗೇ ಬರುತ್ತೇವೆಂದು ಅವರಿಗೆ ಗೊತ್ತಿರಲಿಲ್ಲ.

"ಎರಡ್ ನಿಮಿಷ ರೇಸ್ ಮಾಡಿದ್ರೆ ಎಂಜಿನ್ ಕಚ್ಕೊಂಡು ಹೋಗ್ತಿತ್ತು," ಎಂದರು ಸಾಹೇಬರು. ದನಿ ಸಣ್ಣದಾಗಿತ್ತು. "ನಾನು ಹೇಳ್ಬೇಕಿತ್ತು. ಬಾಯ್ ತುಂಬ ಪುಡಿ ಇತ್ತಲ್ಲ."

ನನ್ನ ಗಂಡ ಗಾಡಿಯ ಮಡ್‌ಗಾರ್ಡಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಕೊಳ್ಳದ ಗಾಡಿಯ ಎಂಜಿನ್ನು ಕೆಡಿಸಿದವರು ಅದನ್ನೇ ಕೊಳ್ಳಬೇಕಾಗುತ್ತದೆ. ಕೊಂಡು, ಅಲ್ಲೇ ಬಿಟ್ಟು, ಸೋಮವಾರ ಮಂಗಳೂರಿನ ಬಸ್ಸು ಹತ್ತಬೇಕಾಗುತ್ತದೆ. ಅವರು ಯೋಚಿಸುತ್ತಿದ್ದದ್ದು ಇದನ್ನೇ ಎಂದು ಹೇಳಲಾರೆ. ನಾನಂತೂ ಇದನ್ನೇ ಯೋಚಿಸಿದೆ.

ಅತ್ತೆ ಮಾತ್ರ ಕೈಯ ಮಣ್ಣು ಕೊಡವುತ್ತ, "ಒಟ್ಟೇಲಿ ಏನೂ ಇಲ್ಲ ಅಂತ ಅಂದ್ನೋ ಇಲ್ವೋ?" ಎಂದರು.

ಇಲ್ಲಿಗೆ ಕಥೆ ಮುಗಿಸಿಬಿಡಬಹುದು. ಹಳ್ಳಿಯ ಹೆಂಗಸಿಗೆ ಎಲ್ಲ ಗೊತ್ತಿತ್ತು, ಓದಿದವರಿಗೆ ಗೊತ್ತಿರಲಿಲ್ಲ ಎಂದು. ಮನೆಗೆ ಬಂದವರು ಈ ಪ್ರಸಂಗವನ್ನು ಹಾಗೆಯೇ ಕೇಳಿಸಿಕೊಂಡು ಹೋಗುತ್ತಾರೆ. ಆದರೆ ಅತ್ತೆ ಹೇಳಿದ್ದು ತಪ್ಪು. ಐದರ ಗಾಡಿಗೆ ಸೀಕು ಇರಲಿಲ್ಲ. ಅದರ ಎಣ್ಣೆ ಡಬ್ಬದಲ್ಲಿ, ಶೆಡ್ಡಿನ ಮೂಲೆಯಲ್ಲಿತ್ತು. ತಿರುಗಿ ಹುಯ್ದರೆ ಅದೂ ನಾಲ್ಕರಷ್ಟೇ ಒಳ್ಳೆಯದು, ನಾಲ್ಕರಷ್ಟೇ ಸೋರುವಂಥದ್ದು. ನೆಲ ನೋಡಿ ನಾವು ತಿಳಿದದ್ದು ಏನೂ ಇಲ್ಲ. ಮತ್ತೆ ಐವತ್ತಕ್ಕೆ ಮೂವತ್ತೈದು, ಐವತ್ತಕ್ಕೆ ಮೂವತ್ತೈದು.

ಸಾಹೇಬರೂ ಅದನ್ನೇ ಹೇಳಿದರು. "ಬುಧವಾರ ಬನ್ನಿ. ಪ್ಯಾಕಿಂಗ್ ಬಂದಿರ್ತದೆ. ಎರಡನ್ನೂ ರೆಡಿ ಮಾಡಿಟ್ಟಿರ್ತೀನಿ. ಇನ್ನೊಂದ್ಸಲ ಓಡ್ಸಿ ನೋಡಿ. ನನಗೇನು ಆತುರ ಇಲ್ಲ."

ನನ್ನ ಗಂಡ ಐದರ ಕಡೆ ನೋಡಿದರು. ಗೇರು ಬೆಣ್ಣೆ. ಬುಧವಾರಕ್ಕೆ ಕಾಯುವುದೆಂದರೆ ಸೋಮವಾರ ಮೈಸೂರಿಗೆ ಹೋಗುವುದು. ಒಂದು ಸಲ ಹೋದರೆ ಬುಧವಾರ ಅವರು ಮಂಗಳೂರಿನಲ್ಲಿರುತ್ತಾರೆ. ಇದು ಅವರಿಗೂ ಗೊತ್ತು.

"ಇವತ್ತೇ ಓಡಿಸ್ಕೊಂಡು ಹೋಗೋಕೆ ಯಾವುದಾಗುತ್ತೆ?" ಎಂದು ಕೇಳಿದವಳು ನಾನು. ನಾನೇ ಎಂದು ಬರೆಯಲು ಹಿಂಜರಿಕೆ ಇದೆ, ಯಾಕೆಂದರೆ ಇದು ನನ್ನ ಕಥೆಯಲ್ಲಿ ನನ್ನನ್ನು ಬುದ್ಧಿವಂತೆ ಮಾಡುತ್ತದೆ. ಆದರೆ ಬೇರೆ ಯಾರೂ ಈ ಮಾತನ್ನು ತಮ್ಮದೆಂದು ಇದುವರೆಗೆ ಕೇಳಿಲ್ಲ.

"ನಾಲ್ಕರದ್ದು," ಎಂದರು ಸಾಹೇಬರು.

"ಹಂಗಾದ್ರೆ ಅದೇ," ಎಂದೆ.

"ನಾನೂ ಅದ್ನೇ ಅಂದದ್ದು," ಎಂದರು ಅತ್ತೆ.

ಮೂವರೂ ಮುಂದಿನ ಸೀಟಿನಲ್ಲೇ ಕುಳಿತೆವು. ನಡುವೆ ನಾನು, ಗೇರು ಬದಲಾಯಿಸಿದಾಗಲೆಲ್ಲ ಮೊಣಕಾಲು ಸರಿಸುತ್ತ. ಅತ್ತೆಯ ಕಡೆಯ ಗಾಜು ಮೇಲೆ ಬರದೆ ಗಾಳಿಗೆ ಅವರ ಸೆರಗು ನನ್ನ ಮುಖಕ್ಕೆ ಬಡಿಯುತ್ತಿತ್ತು. ನನ್ನ ಗಂಡ ಅಭ್ಯಾಸಬಲದಿಂದ ಬಸ್ಸು ನಿಲ್ಲುವ ಕಡೆಯಲ್ಲೆಲ್ಲ ನಿಧಾನ ಮಾಡುತ್ತಿದ್ದರು. ಒಂದು ಕಡೆ ಗಾಡಿ ಪೂರ್ತಿ ನಿಂತೇಹೋಯಿತು. ಮಂಕರಿ ಹೊತ್ತ ಹೆಂಗಸೊಬ್ಬಳು ಹತ್ತಿರ ಬಂದು, "ಮದ್ದೂರ್ಗೆ ಓಯ್ತದಾ?" ಎಂದಳು.

"ಓಯ್ತದೆ, ಅತ್ಕೊ," ಎಂದರು ಅತ್ತೆ.

ಅವಳು ತೊಟ್ಟಿಗೆ ಹತ್ತಿದಳು. ನಮ್ಮ ಗಾಡಿಯ ಮೊದಲ ಬಾಡಿಗೆ ಕುರಿಯಲ್ಲ, ಅವಳು. ಮದ್ದೂರಿನಲ್ಲಿ ಇಳಿದು ಬಾಡಿಗೆ ಎಷ್ಟು ಎಂದಾಗ ಅತ್ತೆ ಮಂಕರಿಯಿಂದ ಎರಡು ಬದನೆಕಾಯಿ ತೆಗೆದುಕೊಂಡರು.

ಮದ್ದೂರಿನ ಬಸ್ ಸ್ಟ್ಯಾಂಡಿನಲ್ಲಿ ನನ್ನ ಗಂಡ ಗಾಡಿ ನಿಲ್ಲಿಸಿ ಇಳಿದು ಹೋದರು. ಅವರ ಕಂಪನಿಯ ಮೈಸೂರು ಬಸ್ಸು ಹೊರಡುವುದರಲ್ಲಿತ್ತು. ಫುಟ್‌ಬೋರ್ಡಿನ ಮೇಲೆ ನಿಂತಿದ್ದ ಕಂಡಕ್ಟರಿಗೆ ಏನೋ ಹೇಳಿದರು. ಕಂಡಕ್ಟರು ನಮ್ಮ ಗಾಡಿಯ ಕಡೆ ನೋಡಿ, ಅವರ ಬೆನ್ನಿಗೆ ಗುದ್ದಿ, ಎಲ್ಲರಿಗೂ ಕೇಳುವಂತೆ, "ಓಗಿ ಓಗಿ ಕುರಿ ಕಂಡಕ್ಟ್ರಾದ್ಯಲ್ಲೋ!" ಎಂದು ಕೂಗಿದ. ಬಸ್ಸು ಹೊರಟಿತು. ನನ್ನ ಗಂಡ ಅದರ ಹಿಂಭಾಗ ಮರೆಯಾಗುವ ತನಕ ನಿಂತಿದ್ದು, ಆಮೇಲೆ ಬಂದು ಸ್ಟೇರಿಂಗು ಹಿಡಿದರು. ಹೆದರಿಕೆಯಾಯಿತೇ ಎಂದು ನಾನು ಕೇಳಲಿಲ್ಲ. "ಹಸಿವಾಗ್ತಾ ಅದೆ" ಎಂದರು, ಅಷ್ಟೇ.

ಐದರ ಗಾಡಿಯನ್ನು ಮುಂದಿನ ವಾರ ಮದ್ದೂರಿನ ಕಡೆಯ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಕೊಂಡರು. ಎಷ್ಟೋ ವರ್ಷ ಅದೂ ನಮ್ಮ ರಸ್ತೆಯಲ್ಲೇ ಓಡಿತು. ಎದುರಾದಾಗಲೆಲ್ಲ ಇಬ್ಬರು ಡ್ರೈವರುಗಳೂ ನಿಧಾನ ಮಾಡಿ, ಒಬ್ಬರ ಗಾಡಿಯನ್ನು ಒಬ್ಬರು ಆಸೆಯಿಂದ ನೋಡಿಕೊಳ್ಳುತ್ತಿದ್ದರು. ಒಂದು ದಿನ ಸಂತೆಯಲ್ಲಿ ಸಿಕ್ಕ ಆ ವ್ಯಾಪಾರಿ ನನ್ನ ಗಂಡನಿಗೆ ಹೇಳಿದ್ದಂತೆ: "ನಿಮ್ದೇ ಒಳ್ಳೇದು ಬುಡಿ, ಕ್ಲಚ್ಚು ಮೆತ್ಗದೆ. ನನಗೆ ಸಿಕ್ಲಿಲ್ಲ." ನನ್ನ ಗಂಡ ಇಡೀ ಸಂಜೆ ಅದನ್ನು ಹೇಳಿಕೊಂಡು ಸುಖವಾಗಿದ್ದರು. ಆದರೂ ಏರಿನಲ್ಲಿ ಗೇರು ಕರ್ರೆಂದಾಗ, "ಐದರದ್ದು ಬೆಣ್ಣೆ ಇತ್ತು ಕಣೆ" ಎನ್ನುವುದನ್ನು ಬಿಡಲಿಲ್ಲ. ಅದು ದೂರು ಅಲ್ಲ. ನೆಂಟರನ್ನು ನೆನೆಸಿಕೊಳ್ಳುವ ಹಾಗೆ.

ಇದೆಲ್ಲ ಆಮೇಲಿನದು. ನಾನು ಹೇಳಬೇಕೆಂದದ್ದು ಆ ಸೋಮವಾರದ ಬೆಳಿಗ್ಗೆ.

ಎದ್ದು ನೋಡುತ್ತೇನೆ, ಅವರು ಆಗಲೇ ಸ್ನಾನ ಮಾಡಿ, ಶರಟು ತೊಟ್ಟು, ಹೋಗಬೇಕಾದ ಜಾಗವಿಲ್ಲದೆ ಬಾಗಿಲಲ್ಲಿ ನಿಂತಿದ್ದರು. ಅತ್ತೆ ಊರಿಗೆ ಹೋಗಿಯಾಗಿತ್ತು. ಮೊದಲ ಕುರಿ ಬಾಡಿಗೆ ಇದ್ದದ್ದು ಮಂಗಳವಾರ. ನಮ್ಮದು ಒಂದೂವರೆ ಕೋಣೆಯ ಬಾಡಿಗೆ ಮನೆ. ನಾನು ಒಲೆಯ ಕಡೆ ತಿರುಗಿದರೆ ಅವರು ಅಡ್ಡ, ನೀರಿನ ಕಡೆ ತಿರುಗಿದರೆ ಅವರು ಅಡ್ಡ. ಸೋಮವಾರ ಬೆಳಿಗ್ಗೆ ಆ ಮನೆಯಲ್ಲಿ ಗಂಡಸಿನ ಜಾಗ ಎಲ್ಲಿ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಒಮ್ಮೆ, "ಸ್ವಲ್ಪ ಆಚೆ ಕೂತ್ಕೊಳ್ಳಿ" ಎಂದು ಗದರಿದೆ. ಅವರು ಜಗುಲಿಯ ಮೇಲೆ ಕುಳಿತರು. ಅಲ್ಲಿಂದಲೂ ಒಳಗೇ ನೋಡುತ್ತಿದ್ದರು.

ನಾನು ಚೀಲ ತೆಗೆದುಕೊಂಡು ಹೊರಗೆ ಬಂದಾಗ ಎದ್ದು ನಿಂತು, "ಬುಟ್ ಬರ್ಲಾ ಗಾಡೀಲಿ?" ಎಂದರು.

"ಹತ್ತೇ ನಿಮಿಷದ ದಾರಿ. ನಡ್ಕೊಂಡೇ ಹೋಗೋದು."

"ಯಾವ್ ಕಡೆ?"

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಇಲ್ಲ. ಮೈಸೂರಿನಿಂದ ಮಂಡ್ಯದ ತನಕ ಪ್ರತಿ ತಿರುವೂ, ಪ್ರತಿ ಹಳ್ಳವೂ ಗೊತ್ತಿದ್ದ ಮನುಷ್ಯನಿಗೆ ನನ್ನ ಶಾಲೆ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಅವರು ಮನೆಯಲ್ಲಿದ್ದ ದಿನ ಒಂದು ದಿನವೂ ಶಾಲೆ ಇರಲಿಲ್ಲ.

"ಬನ್ನಿ ತೋರಿಸ್ತೀನಿ," ಎಂದೆ.

ಇಬ್ಬರೂ ನಡೆದೆವು. ಅವರಿಗೆ ಮುಂದೆ ನಡೆದು ಅಭ್ಯಾಸ, ಆದರೆ ದಾರಿ ಗೊತ್ತಿಲ್ಲ. ನಾಲ್ಕು ಹೆಜ್ಜೆ ಮುಂದೆ ಹೋಗುವರು, ತಿರುವು ಬಂದಲ್ಲಿ ನಿಂತು ಹಿಂದೆ ನೋಡುವರು. ನಾನು ಕೈ ತೋರಿಸುವೆ. ಹಿಟ್ಟಿನ ಗಿರಣಿಯ ಹತ್ತಿರ ಎಡಕ್ಕೆ. ಪೋಸ್ಟಾಫೀಸು ದಾಟಿ ಓಣಿ. ಗಿರಣಿಯವನು ನನ್ನನ್ನು ನೋಡಿ, ಅವರನ್ನು ನೋಡಿ, "ಏನ್ ಟೀಚರಮ್ಮ, ಇವತ್ತು ಇನ್ಸ್‌ಪೆಕ್ಷನ್ನಾ?" ಎಂದ. ನನ್ನ ಗಂಡ ನಕ್ಕರು. ಓಣಿಯ ನಲ್ಲಿಯ ಬಳಿ ಕೆಸರಿತ್ತು. ನಾನು ದಿನವೂ ಕಾಲಿಡುವ ಕಲ್ಲಿನ ಮೇಲೆಯೇ ಅವರೂ ಕಾಲಿಟ್ಟು ದಾಟಿದರು.

ಗೇಟಿನ ಮುಂದೆ ನಿಂತು ಶಾಲೆಯನ್ನು ಮೇಲೆ ಕೆಳಗೆ ನೋಡಿದರು. ಹೆಂಚಿನ ಮಾಡು, ಮೂರು ಕೋಣೆ, ನೋಡುವಂಥದ್ದೇನೂ ಇರಲಿಲ್ಲ.

"ಎಷ್ಟೊತ್ಗೆ ಬುಡ್ತಾರೆ ನಿಮ್ಮನ್ನ?"

"ನಾಲ್ಕೂವರೆಗೆ."

"ಬತ್ತೀನಿ."

"ದಾರಿ ಗೊತ್ತಾಗುತ್ತಾ?"

"ಡ್ರೈವರ್ ಕಣೆ ನಾನು," ಎಂದವರೇ, ಬಂದ ದಾರಿಗೆ ತಿರುಗದೆ ಸೀದಾ ಊರಾಚೆಯ ಕೆರೆಯ ದಿಕ್ಕಿಗೆ ಹೊರಟರು. ನಾನು ಕೂಗಲಿಲ್ಲ. ಮಕ್ಕಳು ನೋಡುತ್ತಿದ್ದವು.